ಮನಸ್ಸು ಹೇಗಿದೆ ಅಂತ ಯಾರು ಕೇಳ್ತಾರೆ?

ಈಗಷ್ಟೇ ಪರಿಚಯದವರ ಮನೆಗೆ ಹೋಗಿ ಬಂದೆ. ಮಗನಿಗೆ ಟಿಬಿ, ಮೂರನೇ ತಿಂಗಳ ಮಾತ್ರೆ ನಡೀತಿದೆ. ಅವನ ತಟ್ಟೆ-ಲೋಟ ಮಾತ್ರ ಹಿತ್ತಲ ಕಟ್ಟೆ ಮೇಲೆ, ಬೇರೆ. ಟಿಬಿ ಹರಡೋದು ಕೆಮ್ಮಿದಾಗ ಗಾಳಿಯಲ್ಲಿ, ತಟ್ಟೆಯಿಂದಲ್ಲ. "ಕಫ ಪರೀಕ್ಷೆ ನೆಗೆಟಿವ್ ಬಂತಲ್ಲಮ್ಮ" ಅಂದೆ. "ಬಂತು, ಆದ್ರೂ ನೋಡಿದೋರು ಏನಂದ್ಕೋತಾರೆ" ಅಂದ್ರು. ಹುಡುಗ ಮೊಬೈಲಿಂದ ತಲೆ ಎತ್ತಲಿಲ್ಲ.

ಸರ್ಕಾರದಿಂದ ಮಾತ್ರೆ ಪುಕ್ಕಟೆ. ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ, 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಒಳ್ಳೇದೇ. ಆದ್ರೆ ಮನಸ್ಸು ಕುಗ್ಗಿದವನು ಮಾತ್ರೆ ಅರ್ಧಕ್ಕೇ ಬಿಡೋದು ಹೆಚ್ಚು. ಬಿಟ್ರೆ ಔಷಧಿಗೆ ಬಗ್ಗದ ಟಿಬಿ ಆಗಬಹುದು. ಅದಕ್ಕೆ ಕೊಡೋ ಸೈಕ್ಲೋಸೆರಿನ್ ಕೆಲವರಿಗೆ ಖಿನ್ನತೆ ತರುತ್ತೆ! ಇನ್ನೊಂದು ವಿಚಿತ್ರ: ಖಿನ್ನತೆಯ ಮೊದಮೊದಲ ಔಷಧಿಗಳಲ್ಲೊಂದಾದ ಐಪ್ರೋನಿಯಾಜಿಡ್ ಸಿಕ್ಕಿದ್ದೇ 1950ರ ದಶಕದಲ್ಲಿ, ಟಿಬಿ ರೋಗಿಗಳಿಗೆ ಕೊಟ್ಟು ನೋಡುವಾಗ. ಅವರು ಇದ್ದಕ್ಕಿದ್ದಂತೆ ಲವಲವಿಕೆಯಿಂದ ಓಡಾಡೋಕೆ ಶುರು ಮಾಡಿದ್ರಂತೆ.

ಅಷ್ಟು ಹಳೇ ನಂಟು. ತೂಕ ನೋಡುವಾಗ "ನಿದ್ದೆ ಬರುತ್ತೇನಪ್ಪಾ?" ಅಂತ ಒಂದು ಮಾತು ಕೇಳೋಕೆ ಎಷ್ಟು ಹೊತ್ತು ಬೇಕು? ನಿಮ್ಮೂರ ಆಸ್ಪತ್ರೆಯಲ್ಲಿ ಕೇಳ್ತಾರಾ? ಗೊತ್ತಿದ್ದೋರು ಹೇಳಿ.