ನರಗುಂದದಿಂದ ಗಜೇಂದ್ರಗಡಕ್ಕೆ: ಪದೇ ಪದೇ ಪಯಣಿಸುವವರ ಲೆಕ್ಕ

ಕಳೆದ ಪುಷ್ಯಮಾಸದಲ್ಲಿ ನರಗುಂದ, ರೋಣ, ಗಜೇಂದ್ರಗಡಗಳಲ್ಲಿ ಮೂರು ದಿನ ಮೂರು ಉಪನ್ಯಾಸಗಳನ್ನು ನೀಡುವ ಸಲುವಾಗಿ ನಾವು ಆ ಸೀಮೆಯಲ್ಲಿ ಸಂಚರಿಸಬೇಕಾಯಿತು. ಸದ್ಭಕ್ತರು ಕಾರು ಕಳುಹಿಸುವುದಾಗಿ ಹೇಳಿದ್ದರು. ನಾವೇ ಬೇಡವೆಂದೆವು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಿಂದಲೂ ಈ ಎರೆಭೂಮಿಯನ್ನು ಬಸ್ಸಿನ ಕಿಟಕಿಯಿಂದ ನೋಡುವುದೇ ನಮಗೆ ರೂಢಿ. ಪುಷ್ಯದಲ್ಲಂತೂ ಬಿಳಿಜೋಳ ತೆನೆಗಟ್ಟಿ, ನಡುವೆ ಕುಸುಬೆಯ ಸಾಲು, ಪಕ್ಕದಲ್ಲಿ ಕಡಲೆಯ ಹಸುರು, ಹೀಗೆ ಕಣ್ಣು ಹಾಯುವವರೆಗೂ ಭೂಮಿತಾಯಿ ಮಡಿಲು ತುಂಬಿಕೊಂಡು ಕುಳಿತಂತೆ ಕಾಣುತ್ತಾಳೆ. ಕಾರಿನಲ್ಲಿ ಕುಳಿತವನಿಗೆ ಅದು ಅರ್ಧವೇ ಕಂಡೀತು.

ನರಗುಂದದಲ್ಲಿ ನಾವು ಇಳಿದುಕೊಂಡದ್ದು ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ. ಮಾಳಿಗೆಯ ಮೇಲೆ ನಿಂತರೆ ಎದುರಿಗೇ ಗುಡ್ಡ. 1858ರಲ್ಲಿ ಬಾಬಾಸಾಹೇಬ ಭಾವೆಯವರು ಆಂಗ್ಲರ ವಿರುದ್ಧ ಎದ್ದು ನಿಂತುದೂ, ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿದುದೂ ನಮ್ಮ ಮಕ್ಕಳಿಗೆ ಪಾಠದ ಪುಸ್ತಕದಿಂದ ತಿಳಿದ ಕಥೆ. ರಾತ್ರಿ ಪ್ರಸಾದವಾದ ಮೇಲೆ ಯಜಮಾನರು ಇತಿಹಾಸದ ಮಾತನ್ನು ತೆಗೆಯಬಹುದೆಂದು ನಾವು ಎಣಿಸಿದ್ದೆವು. ಅವರಾದರೋ ಮೊಬೈಲನ್ನು ನಮ್ಮ ಮುಂದಿಟ್ಟು, “ಮಗ ಮತ್ತೆ ಹಡಗಿಗೆ ಕರೆಯುತ್ತಿದ್ದಾನೆ. ಹೋಗುವುದು ಲಾಭವೋ ನಷ್ಟವೋ ತಾವೇ ಹೇಳಬೇಕು” ಎಂದರು.

ನಮಗೆ ನಗು ಬಂತು. ನಾವು ಏರಿದ ಅತಿ ದೊಡ್ಡ ನೌಕೆಯೆಂದರೆ ಮಲಪ್ರಭೆಯ ಹರಿಗೋಲು. ಆದರೆ ಪಕ್ಕದಲ್ಲಿ ಕುಳಿತಿದ್ದ ತಾಯಿಯವರ ಮುಖ ನೋಡಿದಾಗ ನಗುವ ವಿಷಯ ಇದಲ್ಲವೆಂದು ತಿಳಿಯಿತು.

ಸಂಗತಿ ಇಷ್ಟು. ಇವರ ಒಬ್ಬನೇ ಮಗ ಅಮೇರಿಕದಲ್ಲಿ ಇಂಜಿನಿಯರ್. ಅಲ್ಲಿ ಫ್ಲಾರಿಡಾದ ಬಂದರುಗಳಿಂದ ವಿಹಾರದ ಹಡಗುಗಳು ಹೊರಡುತ್ತವೆ. ಅವಕ್ಕೆ ಕ್ರೂಸ್ ಎನ್ನುತ್ತಾರೆ. ಈ ದಂಪತಿಗಳೂ ಮಗನೊಡನೆ ಎರಡು ಸಲ ಏಳೇಳು ರಾತ್ರಿ ಹೋಗಿ ಬಂದಿದ್ದಾರೆ. ಪದೇ ಪದೇ ಬರುವ ಪ್ರಯಾಣಿಕರನ್ನು ಹಿಡಿದಿಟ್ಟುಕೊಳ್ಳಲು ಹಡಗಿನ ಕಂಪನಿಗಳು ಒಂದು ಏಣಿಯನ್ನು ಕಟ್ಟಿವೆ. ರಾಯಲ್ ಕೆರೀಬಿಯನ್ ಕಂಪನಿಯ ‘ಕ್ರೌನ್ ಅಂಡ್ ಆಂಕರ್ ಸೊಸೈಟಿ’ ಎಂಬ ಬಳಗದಲ್ಲಿ ಹಡಗಿನಲ್ಲಿ ಕಳೆದ ಒಂದು ರಾತ್ರಿಗೆ ಒಂದು ಅಂಕ. ದೊಡ್ಡ ಸೂಟ್ ಕೋಣೆ ಹಿಡಿದವರಿಗೆ ಎರಡು. 3 ಅಂಕಕ್ಕೆ ಗೋಲ್ಡ್, 30ಕ್ಕೆ ಪ್ಲಾಟಿನಮ್, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಶಿಖರ. ಮಗನ ಬಳಿ 74 ಅಂಕಗಳಿವೆ. ಇನ್ನೊಂದು ಯಾತ್ರೆಯಾದರೆ ಡೈಮಂಡ್. ಆತನಿಗೆ ವರ್ಷಕ್ಕೆ ಮೂರು ವಾರ ರಜೆ. ಹಡಗಿಗೆ ಹೋದರೆ ಈ ವರ್ಷವೂ ನರಗುಂದಕ್ಕೆ ಬರಲಾಗದು. ಅವನು ಊರು ಕಂಡು ಮೂರು ವರ್ಷಗಳಾದವು.

“ಲೆಕ್ಕವನ್ನು ದಾರಿಯಲ್ಲಿ ಮಾಡೋಣ” ಎಂದೆವು. ತಾಯಿಯವರ ತವರು ಗಜೇಂದ್ರಗಡ. ಅವರಿಬ್ಬರೂ ನಮ್ಮೊಡನೆಯೇ ಹೊರಡುವವರಿದ್ದರು.

ಮರುದಿನ ಮಧ್ಯಾಹ್ನ ರೋಣದ ಬಸ್ಸು ಹತ್ತಿದೆವು. ಒಂದೇ ಆಸನದಲ್ಲಿ ಮೂವರು, ಮೂರು ಬಗೆಯ ಟಿಕೆಟು! 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ತಾಯಿಯವರು ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟು ಪಡೆದರು. ನಾವು ಹಿರಿಯ ನಾಗರಿಕರ ಚೀಟಿ ತೋರಿಸಿ ಶೇಕಡಾ 25ರ ರಿಯಾಯಿತಿ ಪಡೆದೆವು. ಯಜಮಾನರು ತಮ್ಮ ಚೀಟಿಯನ್ನು ಮನೆಯಲ್ಲೇ ಮರೆತು ಬಂದು ಪೂರ್ಣ ದರ ತೆತ್ತರು. ನಾಲ್ಕು ದಶಕ ಇದೇ ದಾರಿಯಲ್ಲಿ ಓಡಾಡಿದವರು ಅವರು. ನಿಷ್ಠೆಯ ಲೆಕ್ಕ ಹಿಡಿದರೆ ಮೂವರಲ್ಲಿ ಮೊದಲಿಗರು. ಬಸ್ಸು ಮಾತ್ರ ಎಷ್ಟು ಸಲ ಬಂದಿರಿ ಎಂದು ಯಾರನ್ನೂ ಕೇಳುವುದಿಲ್ಲ. ಈ ರಿಯಾಯಿತಿಗಳನ್ನು ಸರಕಾರ ಕೊಡುವುದು ಹೆಣ್ಣುಮಗಳೆಂದು, ವೃದ್ಧರೆಂದು. ಹಡಗಿನವರು ಕೊಡುವುದು ಇವರು ಇನ್ನೊಮ್ಮೆ ಹಣ ಕೊಟ್ಟಾರೆಂದು. ಎರಡನ್ನೂ ‘ಸೌಲಭ್ಯ’ ಎಂಬ ಒಂದೇ ಶಬ್ದದಿಂದ ಕರೆಯುವುದರಿಂದ ಗೊಂದಲವಾಗುತ್ತದೆ.

ಸೌಲಭ್ಯವೆಂಬ ಶಬ್ದಕ್ಕೆ ಈ ಮಣ್ಣಿನಲ್ಲಿ ಇನ್ನೊಂದು ಕಹಿ ನೆನಪೂ ಇದೆ. ಮಲಪ್ರಭೆಯ ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚುವುದೆಂದು ಅಭಿವೃದ್ಧಿ ಕರ ವಿಧಿಸಿದಾಗ, ಕಾಲುವೆಯ ನೀರನ್ನೇ ಕಾಣದ ಹೊಲದವರೂ ಅದನ್ನು ಕೊಡಬೇಕಾಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು. ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಬಾರದ ನೀರಿಗೆ ಬೆಲೆ ಕೇಳಿದ ಕಥೆ ಅದು. ಹಡಗಿನ ಮಾತಿಗೂ ಇದಕ್ಕೂ ಅಜಗಜಾಂತರವಿದೆಯೆಂದು ಬಲ್ಲೆವು. ಆದರೂ ಯಾರಾದರೂ ‘ನಿಮಗೆ ಅನುಕೂಲವಾಗಲಿದೆ’ ಎಂದಾಗ, ಯಾವಾಗ, ಎಷ್ಟು, ಯಾರಿಗೆ ಎಂದು ಕೇಳುವುದು ನರಗುಂದದವರಿಗೆ ರಕ್ತಗತವಾಗಿರಬೇಕು.

ಬೆಣ್ಣೆಹಳ್ಳ ದಾಟುವಾಗ ಯಜಮಾನರ ಕೈಯಿಂದ ಕಾಗದ ಪಡೆದು ನಾವು ಲೆಕ್ಕಕ್ಕೆ ತೊಡಗಿದೆವು. ಡೈಮಂಡ್ ಆದವರಿಗೆ ಸಿಗುವ ದೊಡ್ಡ ಕೊಡುಗೆಯೆಂದರೆ ದಿನಕ್ಕೆ ನಾಲ್ಕು ಪಾನೀಯದ ಚೀಟಿಗಳು. ಏಳು ದಿನಕ್ಕೆ 28. ಬಹುತೇಕರಿಗೆ ಅದು ಮದ್ಯಕ್ಕೆ. ಇವರ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಕಾಫಿಗೂ ನಡೆಯುತ್ತದೆಯಂತೆ. ದಿನಕ್ಕೆ ನಾಲ್ಕು ಕಾಫಿ ಕುಡಿದರೆ ಈ ವಯಸ್ಸಿನಲ್ಲಿ ನಿದ್ರೆ ಎಲ್ಲಿಯದು? ಉಳಿದದ್ದು ಬೇಗ ಹಡಗೇರುವ ಸಾಲು, ಇಂಟರ್‌ನೆಟ್‌ನಲ್ಲಿ ರಿಯಾಯಿತಿ, ಪ್ರತ್ಯೇಕ ವಿಶ್ರಾಂತಿ ಕೊಠಡಿ ಇತ್ಯಾದಿ. ಇನ್ನು ಕೊಡುವ ಪಕ್ಕ ನೋಡಿದರೆ ಕೋಣೆಯ ಬಾಡಿಗೆ, ವಿಮಾನ, ಅದರ ಮೇಲೆ ಸೇವಾಶುಲ್ಕ. 2023ರ ಕೊನೆಗೆ ಏರಿಸಿದ ದರದಂತೆ ಸಾಧಾರಣ ಕೋಣೆಯವರಿಗೆ ಆಳೊಂದಕ್ಕೆ ದಿನಕ್ಕೆ 18.50 ಡಾಲರ್. ಮಗ, ಸೊಸೆ, ಇವರಿಬ್ಬರು, ಏಳು ದಿನ: 518 ಡಾಲರ್. ಆ ಹಣದಲ್ಲಿ 28 ಕಾಫಿಯನ್ನು ಎಷ್ಟು ಸಲ ಕೊಳ್ಳಬಹುದೋ ಓದುಗರೇ ಎಣಿಸಲಿ.

ಅದಕ್ಕಿಂತ ಮುಖ್ಯವಾದ ಮಾತೊಂದು ಕಾಗದದ ಕೆಳಗಡೆ ಇತ್ತು. ಒಂದೇ ಮನೆಯ ಗಂಡ ಹೆಂಡತಿಗೆ ಪದವಿ ಸಮನಾಗಿ ಸಲ್ಲುತ್ತದೆ, ಹದಿನೆಂಟು ತುಂಬದ ಮಕ್ಕಳಿಗೆ ತಂದೆತಾಯಿಯ ಪದವಿ ಇಳಿದು ಬರುತ್ತದೆ. ಮಗನ ಪದವಿ ತಂದೆತಾಯಿಗೆ ಏರಿ ಬರುವುದಿಲ್ಲ. ಇವರಿಬ್ಬರ ಅಂಕ 14. ಹೋಗಿ ಬಂದರೆ 21. ಈಗಲೂ ಗೋಲ್ಡ್, ಆಗಲೂ ಗೋಲ್ಡ್. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. “ನಾವು ಹೋಗುವುದು ಅವನ ಡೈಮಂಡಿಗೆ” ಎಂದರು. ಇಲ್ಲಿ ಮಗನಿಗೆ ಅನ್ಯಾಯವಾಗಬಾರದು. ಅವನು ತಂದೆತಾಯಿಯನ್ನು ಸಂತೋಷಪಡಿಸಲೆಂದೇ ಕರೆದದ್ದು. ಆರು ಅಂಕದ ಕೊರತೆ ಅವನ ಪ್ರೀತಿಗೆ ಒಂದು ದಿಕ್ಕು ತೋರಿಸಿತು, ಅಷ್ಟೆ.

ರೋಣದಲ್ಲಿ ನಮ್ಮ ಉಪನ್ಯಾಸ ಸಂಜೆಗೆ. ಆ ಮನೆಯ ಸೊಸೆ ಗಜೇಂದ್ರಗಡದಲ್ಲಿ ಕೆಲಸ ಮಾಡುತ್ತಾಳೆ. ದಿನಾಲೂ ಹೋಗಿ ಬರುತ್ತಾಳೆ. 2023ಕ್ಕೆ ಮೊದಲು ತಿಂಗಳ ಪಾಸು ಕೊಳ್ಳುತ್ತಿದ್ದಳಂತೆ. “ಪಾಸು ಇದ್ದಾಗ ಒಂದು ಚಟ ಹತ್ತಿತ್ತು ಬುದ್ಧೀ. ಜ್ವರ ಬಂದು ಎರಡು ದಿನ ಮಲಗಿದರೆ ಪಾಸು ನಷ್ಟ ಅನ್ನಿಸೋದು. ರವಿವಾರ ಕೆಲಸವಿಲ್ಲದಿದ್ದರೂ ಸಂತೆಗೆ ಗಜೇಂದ್ರಗಡಕ್ಕೇ ಹೋಗಿಬರುತ್ತಿದ್ದೆ” ಎಂದು ನಕ್ಕಳು. ಈಗ ಶೂನ್ಯ ಟಿಕೆಟು. ಉಳಿದ ದುಡ್ಡನ್ನು ಸ್ವಸಹಾಯ ಸಂಘಕ್ಕೆ ಕಟ್ಟುತ್ತಾಳೆ. ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿದೆಯೆಂದೂ, ನಿಂತೇ ಹೋಗುವ ದಿನಗಳೇ ಬಹಳವೆಂದೂ ಸೇರಿಸಿದಳು. ಹಡಗಿನವರ ಏಣಿಯಲ್ಲೂ ಇದೇ ದೂರು ಇದೆ: ಮೇಲಿನ ಮೆಟ್ಟಿಲಲ್ಲಿ ಜನ ಹೆಚ್ಚಿದಂತೆ ಪ್ರತ್ಯೇಕ ಕೊಠಡಿಯಲ್ಲಿ ಕುರ್ಚಿ ಸಿಗುವುದಿಲ್ಲ.

ಪಾಸಿನ ಮಾತು ಬಂದುದರಿಂದ ರೈಲಿನದನ್ನೂ ಹೇಳಿಬಿಡುತ್ತೇವೆ. ಈ ಮೂರೂ ಊರುಗಳ ಒಳಗೆ ರೈಲು ಬಂದಿಲ್ಲ. ರೋಣದವರು ಗದಗ–ಬಾಗಲಕೋಟೆ ಮಾರ್ಗದ ಮಲ್ಲಾಪುರ ನಿಲ್ದಾಣಕ್ಕೆ ಹೋಗಬೇಕು. ರೈಲ್ವೆಯ ಸೀಸನ್ ಟಿಕೆಟು 150 ಕಿಲೋಮೀಟರಿನವರೆಗೆ ದೊರೆಯುತ್ತದೆ. ಮೂರು ತಿಂಗಳಿನದನ್ನು ಒಮ್ಮೆಗೇ ಕೊಂಡರೆ ಒಂದು ತಿಂಗಳ ದರದ 2.7 ಪಟ್ಟು ಮಾತ್ರ. ಲೆಕ್ಕ ಕನ್ನಡಿಯಷ್ಟು ಸ್ಪಷ್ಟ: ಹೇಗೂ ಹೋಗಲೇಬೇಕಾದವನಿಗೆ ಹತ್ತರಲ್ಲೊಂದು ಪಾಲು ಉಳಿತಾಯ. ಪದೇ ಪದೇ ಪಯಣಿಸುವವರಿಗೆ ಕೊಡುವ ಸೌಲಭ್ಯಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದುದು ನಮಗೆ ಕಂಡಿಲ್ಲ. ಆದರೆ ಅದೇ ರೈಲ್ವೆಯಲ್ಲಿ ಅರವತ್ತು ದಾಟಿದ ಗಂಡಸರಿಗೆ ಶೇಕಡಾ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇಕಡಾ 50 ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೋವಿಡ್ ನೆಪದಿಂದ ನಿಲ್ಲಿಸಿದರು. ರೋಗ ಹೋಯಿತು, ರಿಯಾಯಿತಿ ಮರಳಿ ಬರಲಿಲ್ಲ. ಹಡಗುಗಳಲ್ಲೂ ಹೀಗೆಯೇ. ಕಾರ್ನಿವಲ್ ಎಂಬ ಕಂಪನಿ ಪಯಣದ ದಿನಗಳನ್ನು ಎಣಿಸುವ ಪದ್ಧತಿಯನ್ನು ಬಿಟ್ಟು, ಖರ್ಚು ಮಾಡಿದ ಹಣವನ್ನು ಎಣಿಸುವ ಪದ್ಧತಿಗೆ 2026ರಲ್ಲಿ ಹೊರಳುವುದಾಗಿ 2025ರಲ್ಲಿ ಸಾರಿತು. ಅಗ್ಗದ ಕೋಣೆಯಲ್ಲಿ ವರ್ಷಾನುಗಟ್ಟಲೆ ತಿರುಗಿ ಪದವಿ ಗಳಿಸಿದ ಮುದುಕರು ಎಷ್ಟು ನೊಂದುಕೊಂಡಿರಬೇಕು!

ಮೂರನೆಯ ದಿನ ಬೆಳಿಗ್ಗೆ ಗಜೇಂದ್ರಗಡದ ದಾರಿಯಲ್ಲಿ ಸೂಡಿಯಲ್ಲಿ ಇಳಿದೆವು. ಸೂಡಿಯನ್ನು ಎಷ್ಟು ಸಲ ನೋಡಿದರೂ ನಮಗೆ ತಣಿವಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ರಾಜಧಾನಿ ಪಟ್ಟಣ. ಶೂರಳೆನಿಸಿದ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದ ನಾಡು. ಜೋಡು ಕಳಸದ ಗುಡಿಯ ಎರಡು ಶಿಖರಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ನಾಗಕುಂಡದ ಮೆಟ್ಟಿಲುಗಳಲ್ಲಿ ತಾಯಿಯವರು ಮೊಣಕಾಲು ಹಿಡಿದುಕೊಂಡು ಮೆಲ್ಲನೆ ಕುಳಿತರು. ಇದೇ ಊರಿನಲ್ಲಿ ಆಗ ಟಂಕಶಾಲೆಯಿತ್ತು. ಇಲ್ಲಿ ಅಚ್ಚೊತ್ತಿದ ನಾಣ್ಯವನ್ನು ಪಡೆದ ವರ್ತಕ ಅದರಿಂದ ಜೋಳ ಕೊಳ್ಳಬಹುದಿತ್ತು, ಎತ್ತು ಕೊಳ್ಳಬಹುದಿತ್ತು, ಗುಡಿಗೆ ದತ್ತಿ ಬಿಡಬಹುದಿತ್ತು. ಹಡಗಿನ ಅಂಕವೂ ಒಂದು ಬಗೆಯ ನಾಣ್ಯವೇ ಸರಿ. ಆದರೆ ಅಚ್ಚೊತ್ತಿದವನ ಅಂಗಡಿಯ ಹೊರಗೆ ಅದು ನಡೆಯದು, ಅದರ ಬೆಲೆಯನ್ನು ನಾಳೆ ಏನು ಮಾಡಬೇಕೆಂಬುದೂ ಅವನ ಕೈಯಲ್ಲೇ ಇದೆ. 1981ರಲ್ಲಿ ಅಮೇರಿಕನ್ ಏರ್‌ಲೈನ್ಸ್ ಮೈಲುಗಳ ಲೆಕ್ಕ ಇಡಲಾರಂಭಿಸಿದ ಮೇಲೆ ಇಂತಹ ಟಂಕಶಾಲೆಗಳು ಜಗತ್ತಿನ ತುಂಬ ಎದ್ದಿವೆ.

“ಹಾಗಾದರೆ ಇವೆಲ್ಲ ಬರಿ ಮೋಸವೇ?” ಎಂದು ಯಜಮಾನರು ಕೇಳಿದರು. ಹಾಗೆನ್ನಲಾರೆವು. ಹೇಗೂ ವರ್ಷಕ್ಕೊಮ್ಮೆ ಸಮುದ್ರಕ್ಕೆ ಹೋಗುವವರಿಗೆ, ಆ ಕಂಪನಿಯೇ ಹಿಡಿಸಿದ್ದರೆ, ಸಿಕ್ಕಿದ್ದನ್ನು ಬೇಡವೆನ್ನುವ ಕಾರಣವಿಲ್ಲ. ನಮ್ಮ ಸಾರಿಗೆ ಸಂಸ್ಥೆಯಲ್ಲಿ ಹೋಗುವ ಬರುವ ಟಿಕೆಟನ್ನು ಒಟ್ಟಿಗೆ ಕಾಯ್ದಿರಿಸಿದರೆ ಮರಳುವ ದರದಲ್ಲಿ ಶೇಕಡಾ 10 ಬಿಡುತ್ತಾರೆ. ಅದನ್ನು ನಾವೂ ಪಡೆಯುತ್ತೇವೆ. ಮೊಣಕಾಲು ನೋವಿನವರಿಗೆ ಸಾಲಿನಲ್ಲಿ ನಿಲ್ಲದೆ ಹತ್ತುವುದು ಸಣ್ಣ ಮಾತಲ್ಲ. ಆದರೆ ಗಾಲಿಕುರ್ಚಿಯ ನೆರವನ್ನು ಮೊದಲೇ ಕೇಳಿಕೊಂಡರೆ ಯಾವ ಅಂಕವೂ ಇಲ್ಲದ ಹೊಸಬರಿಗೂ ಕೊಡುತ್ತಾರೆ. ಅಂಕಕ್ಕಾಗಿಯೇ ಒಂದು ಯಾತ್ರೆ ಕೈಗೊಂಡಾಗ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ.

ಗಜೇಂದ್ರಗಡ ಸಮೀಪಿಸುತ್ತಿದ್ದಂತೆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲು ಕಾಣುತ್ತದೆ. 1787ರಲ್ಲಿ ಮರಾಠರೂ ಟೀಪುವೂ ಒಪ್ಪಂದ ಮಾಡಿಕೊಂಡ ಊರು ಇದು. ಇತ್ತೀಚೆಗೆ ರೋಣದಿಂದ ಬೇರ್ಪಟ್ಟು ತಾನೇ ತಾಲೂಕಾಗಿದೆ. ಓಣಿಯಲ್ಲಿ ಮಗ್ಗದ ಸಪ್ಪಳ ಕೇಳುತ್ತ ತಾಯಿಯವರ ತವರುಮನೆಗೆ ನಡೆದೆವು. ಹೊಲದಿಂದ ಆಗತಾನೆ ಬಂದ ಸೀತನಿ ತೆನೆಗಳನ್ನು ಸುಟ್ಟು, ಉಜ್ಜಿ, ಬೆಲ್ಲ ಶೇಂಗಾಚಟ್ನಿಯೊಡನೆ ಬಡಿಸಿದರು. ಅದರ ರುಚಿಯನ್ನು ಬರೆಯಲು ಹೋದರೆ ಈ ಲೇಖನ ಮುಗಿಯಲಾರದು.

ಸಂಜೆ ಕಾಲಕಾಲೇಶ್ವರನ ಸನ್ನಿಧಿಗೆ ಹೋದೆವು. ಬಂಡೆಯ ಮಡಿಲಲ್ಲಿರುವ ಗುಡಿಗೆ ಮೆಟ್ಟಿಲೇರಬೇಕು. ತಾಯಿಯವರು ನಾಲ್ಕು ಮೆಟ್ಟಿಲಿಗೊಮ್ಮೆ ನಿಂತರು. ನಾವೂ ನಿಂತೆವು, ನಮಗೂ ಅದು ಬೇಕಾಗಿತ್ತು. ಅಲ್ಲಿಯೇ ಮಗನ ಫೋನು ಬಂತು. ಯಜಮಾನರು ಲೆಕ್ಕದ ಕಾಗದವನ್ನು ತೆಗೆದರು. ತಾಯಿಯವರು ಅದನ್ನು ಕೇಳದೆ ಫೋನನ್ನು ತಾವೇ ಇಸಿದುಕೊಂಡರು.

“ಎಷ್ಟು ಕಡಿಮೆ ಬಿದ್ದಿದೆಯಪ್ಪಾ ನಿನಗೆ?”

“ಆರು ರಾತ್ರಿ ಅವ್ವಾ.”

“ಆ ಆರು ರಾತ್ರಿ ಇಲ್ಲಿ ಬಂದು ಮಲಗು.”

ಅತ್ತ ಕಡೆ ತುಸು ಹೊತ್ತು ಮಾತಿಲ್ಲ. ಆಮೇಲೆ ಮುಂಗಡ ಕೊಟ್ಟಾಗಿದೆ, ವಿಚಾರಿಸಿ ಹೇಳುತ್ತೇನೆ ಎಂದ. ನಾವು ಯಜಮಾನರಿಗೆ ಎರಡು ವಿಷಯ ಬರೆಸಿದೆವು. ಮುಂಗಡ ಯಾವ ತಾರೀಖಿನವರೆಗೆ ಪೂರ್ತಿ ಮರಳುತ್ತದೆಂದು ಇಂದೇ ಕೇಳಲಿ. ಆ ಕಂಪನಿಯಲ್ಲಿ ಗಳಿಸಿದ ಅಂಕಗಳು ವರ್ಷ ಕಳೆದರೆ ಅಳಿಯುವುದಿಲ್ಲವಾದ್ದರಿಂದ 74 ಎಂಬುದು ಮುಂದಿನ ವರ್ಷವೂ 74 ಆಗಿಯೇ ಇರುತ್ತದೆಂದು ತಿಳಿಸಲಿ. ಅವರು ಮೆಟ್ಟಿಲ ಮೇಲೆಯೇ ಕುಳಿತು, ಶಿಕ್ಷಕರ ದುಂಡನೆಯ ಅಕ್ಷರದಲ್ಲಿ ಅದನ್ನು ಬರೆದುಕೊಂಡರು. ನಾವು ರಾತ್ರಿಯ ಉಪನ್ಯಾಸಕ್ಕೆ ಹೊತ್ತಾಯಿತೆಂದು ಇಳಿಯತೊಡಗಿದೆವು.