ಎಷ್ಟು ದಿನ ಮಷೀನು?

ಐಸಿಯು ಹೊರಗೆ ಕೂತವರು ಕೇಳುವುದು ಎರಡೇ ಪ್ರಶ್ನೆ. ಜೀವಕ್ಕೇನೂ ಅಪಾಯ ಇಲ್ಲವಲ್ಲ? ಮಷೀನು ಇನ್ನೆಷ್ಟು ದಿನ? ಮೊದಲನೆಯದಕ್ಕೆ ಡಾಕ್ಟರು ಹೇಗೋ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ "ದೇಖತೇ ಹೈ" ಅಷ್ಟೆ. ಊರಿನಿಂದ ಬಂದವರ ಪರವಾಗಿ ಮುಂಬಯಿಯ ಆಸ್ಪತ್ರೆಗಳಲ್ಲಿ ಹಿಂದಿ, ಮರಾಠಿ ಮಾತಾಡಿ ಮಾತಾಡಿ ನನಗೆ ಈ "ದೇಖತೇ ಹೈ" ಚೆನ್ನಾಗಿ ಪರಿಚಯ.

ಒಮ್ಮೆ ಘೋಡಬಂದರ್ ರಸ್ತೆಯಲ್ಲಿ ಬೈಕಿಗೆ ಟೆಂಪೋ ಗುದ್ದಿ ಕುಂದಾಪುರ ಕಡೆಯ ಹೋಟೆಲ್ ಹುಡುಗನೊಬ್ಬನ ಆರು ಪಕ್ಕೆಲುಬು ಮುರಿದಿತ್ತು. ಅಕ್ಕಪಕ್ಕದ ಮೂರು ಎಲುಬು ಎರಡೆರಡು ಕಡೆ ಮುರಿದರೆ ಎದೆಯ ಆ ಭಾಗ ಗೂಡಿನ ಹಿಡಿತದಿಂದ ತಪ್ಪಿಹೋಗುತ್ತದೆ. ಉಸಿರೆಳೆದಾಗ ಎದೆಯೆಲ್ಲ ಉಬ್ಬಿದರೆ ಅದೊಂದು ಭಾಗ ಒಳಗೆ ಕುಸಿಯುತ್ತದೆ. ಇದಕ್ಕೆ ಫ್ಲೇಲ್ ಚೆಸ್ಟ್ ಅಂತಾರೆ. ಜೊತೆಗೆ ಕೆಳಗಿನ ಶ್ವಾಸಕೋಶವೂ ಜಜ್ಜಿಹೋಗಿರುತ್ತದೆ. ಅದರೊಳಗೆ ರಕ್ತ, ನೀರು ಜಿನುಗುತ್ತಾ 24ರಿಂದ 48 ಗಂಟೆ ಏರುತ್ತಲೇ ಹೋಗಬಹುದು. "ಎಕ್ಸ್‌ರೇ ಪರವಾಗಿಲ್ಲ" ಎಂದು ಮೊದಲ ದಿನ ಊರಿಗೆ ಫೋನ್ ಮಾಡಿದವರು ಮೂರನೇ ದಿನ ಕಂಗಾಲಾಗುವುದು ಇದಕ್ಕೇ.

ಹುಡುಗನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಒಂದು ವಾರ ಅಂದ್ರೆ ಬಂಗಾರ ಅಡವಿಟ್ರೆ ಸಾಕು ಮಾರಾಯ್ರೇ. ತಿಂಗಳು ಅಂದ್ರೆ ಗದ್ದೆಯೇ ಮಾರ್ಬೇಕು. ಸರಿಯಾಗಿ ಕೇಳಿ ಹೇಳಿ."

ಲೆಕ್ಕ ಇಲ್ಲವೆಂದಲ್ಲ. 2000ದಲ್ಲಿ ಪ್ರಕಟವಾದ ಒಂದು ಸ್ಕೋರ್ ಇದೆ. ವಯಸ್ಸು, ಮುರಿದ ಎಲುಬುಗಳು, ಶ್ವಾಸಕೋಶ ಎಷ್ಟು ಜಜ್ಜಿದೆ, ಅದರ ಸುತ್ತ ಗಾಳಿ ಅಥವಾ ರಕ್ತ ತುಂಬಿದೆಯೇ, ಕೊಟ್ಟ ಆಮ್ಲಜನಕದಲ್ಲಿ ರಕ್ತಕ್ಕೆ ಸೇರಿದ್ದೆಷ್ಟು... ಹೀಗೆ ಐದು ವಿಷಯ, ಒಂದೊಂದಕ್ಕೆ 5ರವರೆಗೆ ಅಂಕ, ಒಟ್ಟು 25. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ತಲೆಗೂ ಪೆಟ್ಟಾಗಿದ್ದರೆ, ನಡುವೆ ನ್ಯುಮೋನಿಯಾ ಬಂದರೆ ಮಷೀನಿನ ದಿನಗಳು ಇನ್ನೂ ಉದ್ದವಾಗುತ್ತವೆ.

ಆದರೆ ಈ ಲೆಕ್ಕ ಹೇಳುವುದು ಇಂಥ ನೂರು ಜನರ ಕತೆ. ಆ ನೂರರಲ್ಲಿ ನಮ್ಮ ಹುಡುಗ ಎಷ್ಟನೆಯವನು ಅಂತ ಅದು ಹೇಳಲಾರದು. ಅಪ್ಪನಿಗೆ ಬೇಕಾಗಿದ್ದದ್ದು ಆ ಒಬ್ಬನ ಲೆಕ್ಕ.

ಹಾಗಾದರೆ ಅಂದಾಜು ಯಾಕೆ? ಮುಂದಿನ ತಯಾರಿಗೆ. ವಾರ ಕಳೆದರೂ ಮಷೀನು ಬಿಡಿಸಲಾಗದು ಅನ್ನಿಸಿದರೆ ಟ್ರೆಕಿಯಾಸ್ಟಮಿ ಮಾತು ಬರುತ್ತದೆ. ಕತ್ತಿನ ಮುಂಭಾಗದಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿಂದ ನಳಿಗೆ ಹಾಕುವುದು. "ಗಂಟಲು ಕೊಯ್ತಾರಂತೆ" ಎಂದು ಹುಡುಗನ ತಾಯಿ ಅಳಲು ಶುರುಮಾಡಿದರು. ಬಾಯಿಯೊಳಗಿನ ನಳಿಗೆಗಿಂತ ಇದು ಹಿತ, ನಿದ್ದೆಯ ಔಷಧಿ ಕಡಿಮೆ ಸಾಕು, ಮುಂದೆ ನಳಿಗೆ ತೆಗೆದರೆ ರಂಧ್ರ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ... ಡಾಕ್ಟರು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಒಪ್ಪಿದರು. ಒಂಬತ್ತನೇ ದಿನ ಅದಾಯಿತು, ಹದಿನೇಳನೇ ದಿನ ಮಷೀನು ಬಿಟ್ಟಿತು. ಬಂಗಾರ ಹೋಯಿತು, ಗದ್ದೆ ಉಳಿಯಿತು.

ನಿಮಗೆ ಯಾರಿಗೂ ಇಂಥ ಸರದಿ ಬಾರದಿರಲಿ. ಬಂದರೆ ಡಾಕ್ಟರ ಬಳಿ ಇಷ್ಟು ಕೇಳಿ: ನಿನ್ನೆಗಿಂತ ಇವತ್ತು ಆಮ್ಲಜನಕ ಕಡಿಮೆ ಸಾಕಾಗ್ತಿದೆಯಾ? ಅವನಾಗೇ ಎಷ್ಟು ಉಸಿರೆಳೀತಿದ್ದಾನೆ? ನೋವಿಗೆ ಏನು ಕೊಡ್ತಿದ್ದೀರಿ? ಟ್ರೆಕಿಯಾಸ್ಟಮಿ ಬೇಕಾದರೆ ಯಾವಾಗ ತೀರ್ಮಾನ? ಈ ನಾಲ್ಕಕ್ಕೂ "ದೇಖತೇ ಹೈ" ಅನ್ನುವವರನ್ನು ನಾನಂತೂ ಕಂಡಿಲ್ಲ.