ಖಾಲಿ ಸೀಸೆಯ ಸಾಕ್ಷಿ

ಕೆಸರನ್ನು ತೂಗಿ ಹೊಟ್ಟೆ ಹೊರೆಯುವವರೂ ಉಂಟೆಂದರೆ ವಾಚಕರು ನಗಬಹುದು. 2005ರಲ್ಲಿ ನನ್ನ ಉದ್ಯೋಗವು ಅದೇ ಆಗಿದ್ದಿತು. ಕ್ಯಾಲಿಫೋರ್ನಿಯದ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯು ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳು ಕಡಲನ್ನು ಕೂಡುವ ದೊಡ್ಡ ಅಳಿವೆ. ಅದರ ತಳದ ಹೂಳಿನಲ್ಲಿ ಬೆಂಕಿ ತಡೆಯುವ ರಾಸಾಯನಿಕಗಳು ಎಷ್ಟಿವೆಯೆಂದು ಅಳೆಯುವುದು ನನ್ನ ಪಾಲಿಗೆ ಬಂದಿದ್ದಿತು.

ಹೂಳಿಗೂ ಬೆಂಕಿಗೂ ಎತ್ತಣ ಸಂಬಂಧ? 1975ರಲ್ಲಿ ಆ ರಾಜ್ಯವು ಒಂದು ನಿಯಮ ಮಾಡಿತು: ಸೋಫಾ ಕುರ್ಚಿಗಳ ಫೋಮು ಸಣ್ಣ ಜ್ವಾಲೆಯನ್ನು 12 ಸೆಕೆಂಡು ತಾಳಬೇಕು. ತಯಾರಕರು ಫೋಮಿಗೆ ಬ್ರೋಮಿನ್ ಸಂಯುಕ್ತಗಳನ್ನು ಬೆರೆಸಿದರು. ಉದ್ದೇಶವೇನೋ ಒಳ್ಳೆಯದೇ. ಆದರೆ ಅವು ಫೋಮಿನಲ್ಲಿ ನಿಲ್ಲದೆ ಧೂಳಾಗಿ ಉದುರಿ, ಬಟ್ಟೆ ಒಗೆದ ನೀರಿನೊಡನೆ ಚರಂಡಿ ಸೇರಿ, ಕೊಲ್ಲಿಯ ಹೂಳಿನಲ್ಲಿ ನೆಲೆಸಿದವು. ಮೀನಿಗೆ, ನೀರುಕಾಗೆಯ ಮೊಟ್ಟೆಗೆ, ಸೀಲಿನ ಕೊಬ್ಬಿಗೆ ಏರಿದವು.

ದೋಣಿಯಿಂದ ಉಕ್ಕಿನ ಗೋರನ್ನು ಇಳಿಸಿ, ಮೇಲಿನ 5 ಸೆಂಟಿಮೀಟರು ಹೂಳನ್ನು ಗಾಜಿನ ಸೀಸೆಗೆ ತುಂಬುವೆವು. ಒಣಗಿಸಿ, ಅರೆದು, ದ್ರಾವಕದಿಂದ ಸೆಳೆದು ಯಂತ್ರಕ್ಕೊಪ್ಪಿಸಿದರೆ ಗ್ರಾಮಿಗೆ ಇಷ್ಟು ನ್ಯಾನೊಗ್ರಾಂ ಎಂದು ಉತ್ತರ ಬರುವುದು. ನ್ಯಾನೊಗ್ರಾಮೆಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು! ಆದಕಾರಣ ಪ್ರತಿ ಸಲವೂ ಹೂಳಿಲ್ಲದ ಒಂದು ಖಾಲಿ ಸೀಸೆಯನ್ನೂ ಅದೇ ಸಂಸ್ಕಾರಗಳಿಗೆ ಒಳಪಡಿಸಬೇಕು. ಅದರಲ್ಲಿ ಏನೂ ಕಾಣಬಾರದು.

ಒಂದು ದಿನ ಕಂಡಿತು. ಮರುದಿನವೂ ಕಂಡಿತು. ಮೂರು ವಾರಗಳ ದುಡಿಮೆ ನೀರುಪಾಲಾಯಿತು. ಪಾತ್ರೆಗಳನ್ನು ಮತ್ತೆ ಕುಲುಮೆಯಲ್ಲಿ ಕಾಯಿಸಿದೆನು, ದ್ರಾವಕವನ್ನು ಬದಲಿಸಿದೆನು. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು, “ಸ್ವಲ್ಪ ಎದ್ದೇಳಿ” ಎಂದರು. ನನ್ನ ಕುರ್ಚಿಯ ಹರಿದ ಮೆತ್ತೆಯಿಂದ ಹಳದಿ ಪುಡಿ ಉದುರುತ್ತಿದ್ದಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿದ್ದಿತು ನನ್ನ ಪಾಡು.

ಅಂದು ಸಂಜೆ ಮನೆಗೆ ಬಂದರೆ, ಎರಡು ವರ್ಷದ ಮಗಳು ಹಳೆಯ ಸೋಫಾದ ಹರಿದ ಮೂಲೆಯನ್ನು ಕೆದಕಿ, ಬೆರಳನ್ನು ಬಾಯಲ್ಲಿಟ್ಟುಕೊಂಡು ನಗುತ್ತಿದ್ದಳು. ಎತ್ತಿಕೊಂಡು ಹೋಗಿ ಕೈ ತೊಳೆದೆನು. “ಏನಾಯಿತು?” ಎಂದು ಪತಿ ಕೇಳಿದರೆ, ದಿನವೆಲ್ಲ ಅಂಕಿಗಳೊಡನೆ ಬಾಳುವ ನನ್ನ ಬಾಯಿಂದ ಒಂದು ಅಂಕಿಯೂ ಹೊರಡಲಿಲ್ಲ. ಸೋಫಾವನ್ನು ಹೊರಗೆ ಸಾಗಿಸಿದೆವು. ಆದರೆ ಹೊರಗೆ ಹಾಕಿದ್ದು ಕೊನೆಗೆ ಎಲ್ಲಿಗೆ ಹೋಗುವುದೆಂಬುದು ನನಗಲ್ಲದೆ ಇನ್ನಾರಿಗೆ ತಿಳಿದಿದ್ದಿತು?

2006ರಲ್ಲಿ ಆ ರಾಜ್ಯವು ಇಂಥ ಎರಡು ಮಿಶ್ರಣಗಳನ್ನು ನಿಷೇಧಿಸಿತು. 2013ರಲ್ಲಿ ಜ್ವಾಲೆಯ ನಿಯಮವೂ ಬದಲಾಯಿತು. ಕೊಲ್ಲಿಯ ಮೀನುಗಳಲ್ಲಿ, ಹಕ್ಕಿಗಳ ಮೊಟ್ಟೆಗಳಲ್ಲಿ ವಿಷದ ಪ್ರಮಾಣ ಇಳಿದುದನ್ನು ಅಳೆದವರು ಕಂಡರು. ಮಗಳೀಗ ಬೆಳೆದು ದೊಡ್ಡವಳಾಗಿದ್ದಾಳೆ. ನಮ್ಮ ಮನೆಗೆ ಯಾವ ಹೊಸ ಮೆತ್ತೆ ಬಂದರೂ, ಒಳಗೇನಿದೆಯೆಂದು ಚೀಟಿಯನ್ನು ಮೊದಲು ಓದುವವಳು ಅವಳೇ.